ಹಾಸಿಗೆ ಕೇಳುವ ವಿಮೆ, ಹಾಸಿಗೆ ಹಿಡಿಸದ ನೋವು

1986ರಲ್ಲಿ ಸರ್ಕಾರಿ ಸ್ವಾಮ್ಯದ ನಾಲ್ಕು ಸಾಮಾನ್ಯ ವಿಮಾ ಕಂಪನಿಗಳು ‘ಮೆಡಿಕ್ಲೈಮ್’ ಪಾಲಿಸಿ ಹೊರತಂದವು. ಅಲ್ಲಿಯವರೆಗೆ ಕಾರ್ಖಾನೆ ಕಾರ್ಮಿಕರಿಗೆ ಇಎಸ್‌ಐ, ಕೇಂದ್ರ ಸರ್ಕಾರಿ ನೌಕರರಿಗೆ ಸಿಜಿಎಚ್‌ಎಸ್ ಇದ್ದವು. ಅಂಗಡಿ ಇಟ್ಟವರು, ವಕೀಲರು, ದರ್ಜಿಗಳು ಆಸ್ಪತ್ರೆ ಖರ್ಚನ್ನು ಬಹುಮಟ್ಟಿಗೆ ಕೈಯಿಂದಲೇ ಭರಿಸಬೇಕಿತ್ತು.

ಆ ಪಾಲಿಸಿಯ ಲೆಕ್ಕಾಚಾರವೆಲ್ಲ ಆಸ್ಪತ್ರೆಯ ಹಾಸಿಗೆಯ ಸುತ್ತಲೇ ನಡೆಯಿತು. ಕನಿಷ್ಠ 24 ಗಂಟೆ ಒಳರೋಗಿಯಾಗಿದ್ದರೆ ಹಣ. ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗೆ ಇದು ಸರಿಯೇ. ಆದರೆ ಸೊಂಟನೋವು, ಸಂಧಿವಾತ, ಫೈಬ್ರೊಮಯಾಲ್ಜಿಯಾ ಎಂದು ವರ್ಷಗಟ್ಟಲೆ ನರಳುವವರ ದುಡ್ಡು ಕರಗುವುದು ಮಾತ್ರೆಗೆ, ಫಿಸಿಯೊಥೆರಪಿಗೆ, ವೈದ್ಯರ ಶುಲ್ಕಕ್ಕೆ. ನೋವು ತಾಳಲಾರದೆ ದಾಖಲಾಗಿ ಎಂಆರ್‌ಐ ಮಾಡಿಸಿಕೊಂಡು ಬಂದರೂ, ಬರೀ ತಪಾಸಣೆಗಾಗಿ ದಾಖಲಾದದ್ದು ಎಂದು ಕ್ಲೈಮ್ ತಿರಸ್ಕಾರವಾಗುವುದುಂಟು.

ಇನ್ನೊಂದು ತೊಡಕು ‘ಮೊದಲೇ ಇದ್ದ ಕಾಯಿಲೆ’. 2000ದಲ್ಲಿ ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆದ ಮೇಲೂ ಇದನ್ನು ಒಬ್ಬೊಬ್ಬರು ಒಂದೊಂದು ರೀತಿ ಅರ್ಥೈಸುತ್ತಿದ್ದರು. 2008ರಲ್ಲಿ ಜನರಲ್ ಇನ್ಶೂರೆನ್ಸ್ ಕೌನ್ಸಿಲ್ ಏಕರೂಪದ ವ್ಯಾಖ್ಯೆ ತಂದಿತು: ಪಾಲಿಸಿಗೆ ಮುಂಚಿನ 48 ತಿಂಗಳಲ್ಲಿ ರೋಗ ಪತ್ತೆಯಾಗಿದ್ದರೆ ಮಾತ್ರವಲ್ಲ, ಬರೀ ಲಕ್ಷಣ ಕಾಣಿಸಿಕೊಂಡಿದ್ದರೂ ಅದು ಮೊದಲೇ ಇದ್ದ ಕಾಯಿಲೆ. ಗೊಂದಲ ತಗ್ಗಿತು, ನಿಜ. ಆದರೆ ಹೆಸರಿಡದ ನೋವಿನವರಿಗೆ ಇದು ದೊಡ್ಡ ಅನ್ಯಾಯ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಕಿರಿಯ ವೈದ್ಯರೊಬ್ಬರು ‘ಐದು ವರ್ಷದಿಂದ ಬೆನ್ನುನೋವು’ ಎಂದು ಗೀಚಿದ ಒಂದು ಸಾಲು ಸಾಕಿತ್ತು, ಕ್ಲೈಮ್ ಮುಗಿಸಲು.

ಬದಲಾವಣೆ ನಿಧಾನವಾಗಿ ಬಂತು. 2011ರ ಅಕ್ಟೋಬರ್‌ನಿಂದ, ಮೊದಲೇ ಇದ್ದ ಕಾಯಿಲೆಗೆ ವಿಮೆ ಸಿಗಲೆಂದು ಆಗಲೇ ಕಾದ ಅವಧಿ ನಷ್ಟವಾಗದಂತೆ ಕಂಪನಿ ಬದಲಿಸುವ ಪೋರ್ಟೆಬಿಲಿಟಿ ಸಿಕ್ಕಿತು. ವಿಮೆ ನಿಯಂತ್ರಕರ 2019ರ ಮಾರ್ಗಸೂಚಿ ಮತ್ತು ಅದರ ತಿದ್ದುಪಡಿಯ ನಂತರ ಬರೀ ಲಕ್ಷಣ ಲೆಕ್ಕಕ್ಕಿಲ್ಲ. ವೈದ್ಯರ ರೋಗನಿರ್ಣಯವೋ ಸಲಹೆಯೋ ಚಿಕಿತ್ಸೆಯೋ ಇರಬೇಕು. 2024ರ ಏಪ್ರಿಲ್‌ನಲ್ಲಿ ಕಾಯುವ ಅವಧಿಯ ಮಿತಿ 48ರಿಂದ 36 ತಿಂಗಳಿಗೆ ಇಳಿಯಿತು. 60 ತಿಂಗಳು ಸತತವಾಗಿ ನವೀಕರಿಸಿದ ಪಾಲಿಸಿಯಲ್ಲಿ, ವಂಚನೆ ಸಾಬೀತಾಗದ ಹೊರತು, ಮಾಹಿತಿ ಮುಚ್ಚಿಟ್ಟರೆಂದು ಕ್ಲೈಮ್ ನಿರಾಕರಿಸುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ 2022ರಲ್ಲಿ ಜಾರಿಗೆ ಬಂದ ತನ್ನ ಐಸಿಡಿ-11 ರೋಗಪಟ್ಟಿಯಲ್ಲಿ ಮೂರು ತಿಂಗಳು ಮೀರಿದ ನೋವಿಗೆ ಪ್ರತ್ಯೇಕ ಸ್ಥಾನ ಕೊಟ್ಟಿತು.

ಸುಪ್ರೀಂ ಕೋರ್ಟ್‌ನ ಎರಡು ತೀರ್ಪುಗಳನ್ನು ಜೊತೆಗಿಟ್ಟು ಓದಬೇಕು. 2009ರ ಸತ್ವಂತ್ ಕೌರ್ ಸಂಧು ಪ್ರಕರಣದಲ್ಲಿ, ಅರ್ಜಿಯಲ್ಲಿ ಗಂಭೀರ ಕಾಯಿಲೆ ಮುಚ್ಚಿಟ್ಟದ್ದಕ್ಕೆ ವಿಮಾ ಕಂಪನಿಯೇ ಗೆದ್ದಿತು. 2021ರ ಮನಮೋಹನ್ ನಂದಾ ಪ್ರಕರಣದಲ್ಲಿ, ಅರ್ಜಿದಾರರು ಮಧುಮೇಹ ತಿಳಿಸಿದ್ದರು. ಆರೋಗ್ಯಸ್ಥಿತಿ ಅರಿತೇ ಪಾಲಿಸಿ ಕೊಟ್ಟ ಕಂಪನಿ ನಂತರ ಅದನ್ನೇ ನೆಪ ಮಾಡಿ ಹಣ ನಿರಾಕರಿಸುವಂತಿಲ್ಲ ಎಂದು ನ್ಯಾಯಾಲಯ ಹೇಳಿತು.

ಒಳರೋಗಿಯಾಗದೆ ನರಳುವವರ ಖರ್ಚು ಮಾತ್ರ ಸಾಮಾನ್ಯ ಪಾಲಿಸಿಗಳಲ್ಲಿ ಇಂದಿಗೂ ಬಹುತೇಕ ಹೊರಗೇ ಉಳಿದಿದೆ. ವಿಮೆ ನಿಯಂತ್ರಕರು ಮೊದಲು ಮುಟ್ಟಬೇಕಾದದ್ದು ಇದನ್ನೇ.

ಅಲ್ಲಿಯವರೆಗೆ, ‘ಅದೆಲ್ಲ ಯಾಕೆ ಬರೀತೀರಿ ಸರ್, ಇಲ್ಲ ಅಂತ ಟಿಕ್ ಮಾಡಿ’ ಎನ್ನುವ ಏಜೆಂಟರ ಮಾತಿಗೆ ಕಿವಿಗೊಡಬೇಡಿ. ಅರ್ಜಿಯನ್ನು ನೀವೇ ತುಂಬಿ, ನೋವಿನ ವಿವರ ಬರೆದು, ಪ್ರತಿ ಇಟ್ಟುಕೊಳ್ಳಿ. ಕಂಪನಿ ಅನ್ಯಾಯವಾಗಿ ಕೈಯೆತ್ತಿದರೆ ಬೆಂಗಳೂರಿನಲ್ಲೇ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ಅಲ್ಲಿ ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.