ಒಂದೇ ಗೋಡೆ, 80 ಮಾಲೀಕರು

ಫ್ರೆಂಚ್ ವೈನ್ ಬಾಟಲಿ ಮೇಲೆ ‘ಕ್ಲೋ’ ಅಂತ ಕಂಡ್ರೆ ನಾನು ಮೊದಲು ಹುಡುಕೋದು ವೈನ್ ಮಾಡಿದವರ ಹೆಸರನ್ನ. ಕ್ಲೋ ಅಂದ್ರೆ ಸುತ್ತ ಗೋಡೆ ಇರೋ ದ್ರಾಕ್ಷಿತೋಟ, ಅಷ್ಟೇ.

ಬರ್ಗಂಡಿಯ ಕ್ಲೋ ದ ವೂಜೋ ತಗೊಳ್ಳಿ. 12ನೇ ಶತಮಾನದಿಂದ ಸಿಸ್ಟರ್ಸಿಯನ್ ಸನ್ಯಾಸಿಗಳು ತುಂಡು ತುಂಡು ಜಮೀನು ಕೂಡಿಸಿ ಮಾಡಿದ ತೋಟ. ಸುಮಾರು 50 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 125 ಎಕರೆ. ಕ್ರಾಂತಿ ಬಂತು, ಸರ್ಕಾರ ಚರ್ಚಿನ ಆಸ್ತಿ ಜಪ್ತಿ ಮಾಡಿ 1791ರಲ್ಲಿ ಮಾರಿತು. ಆಮೇಲೂ ನೂರು ವರ್ಷದ ಹತ್ತಿರ ತೋಟ ಇಡಿಯಾಗೇ ಇತ್ತು. 1889ರಲ್ಲಿ ಹೋಳಾಯ್ತು ನೋಡಿ, ಈಗ ಸುಮಾರು 80 ಮಾಲೀಕರು! ಕೆಲವರಿಗೆ ನಾಲ್ಕಾರು ಸಾಲು ಬಳ್ಳಿ ಮಾತ್ರ.

ಮೇಲಿನ ಇಳಿಜಾರಲ್ಲಿ ನೀರು ಚೆನ್ನಾಗಿ ಬಸಿಯುತ್ತೆ. ಕೆಳಗೆ ರಸ್ತೆ ಪಕ್ಕ ಜೇಡಿಮಣ್ಣು. ಆದ್ರೂ 1937ರಿಂದ ಎರಡಕ್ಕೂ ಒಂದೇ ದರ್ಜೆ, ಗ್ರಾಂ ಕ್ರ್ಯೂ.