ಮಾಜಿ ಸೈನಿಕರ ನೆಲೆ ಮತ್ತು ಆಸ್ಪತ್ರೆಯಲ್ಲಿ ಕಾನೂನು ನೆರವು

ಸೇನೆಯಿಂದ ನಿವೃತ್ತರಾದವರು ಮನೆಮಠ ಕಳೆದುಕೊಳ್ಳದಂತೆ, ಅವರು ಚಿಕಿತ್ಸೆಗೆ ಬರುವ ಜಾಗದಲ್ಲೇ ವಕೀಲರ ನೆರವು ಸಿಗುವಂತೆ ಮಾಡುವ ವ್ಯವಸ್ಥೆ. ಅಮೆರಿಕದಲ್ಲಿ ಬೆಳೆದ ಈ ಪದ್ಧತಿ ಭಾರತದಲ್ಲಿ ಇಡಿಯಾಗಿ ಎಲ್ಲೂ ಕಾಣುವುದಿಲ್ಲ. ಬೇರೆ ಬೇರೆ ಕಾಯಿದೆಗಳಲ್ಲಿ ಚೂರುಚೂರಾಗಿ ಹಂಚಿಹೋಗಿದೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಂಥ ಕಡೆ ಆ ಚೂರುಗಳನ್ನು ಜೋಡಿಸಿಕೊಳ್ಳುವ ಕೆಲಸ ಮಾಜಿ ಸೈನಿಕನ ಪಾಲಿಗೇ ಬಿದ್ದಿದೆ.

ಸೈನಿಕನಿಗೆ ನ್ಯಾಯಾಲಯದಲ್ಲಿ ರಕ್ಷಣೆ ಕೊಡಬೇಕೆಂಬ ಯೋಚನೆ ಹಳೆಯದು. 1925ರ ಭಾರತೀಯ ಸೈನಿಕರ (ವ್ಯಾಜ್ಯ) ಕಾಯಿದೆ, ಯುದ್ಧದಲ್ಲಿರುವ ಸೈನಿಕನ ಬೆನ್ನಹಿಂದೆ ಏಕಪಕ್ಷೀಯ ತೀರ್ಪು ಆಗದಂತೆ ನೋಡಿಕೊಂಡಿತು. ಈ ನಾಲ್ಕು ತಾಲ್ಲೂಕುಗಳ ನೆಲ ಆಗ ಮೈಸೂರು ಸಂಸ್ಥಾನದ್ದು. ಬ್ರಿಟಿಷ್ ಭಾರತದ ಕಾಯಿದೆ ಇಲ್ಲಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. 1950ರ ಸೇನಾ ಕಾಯಿದೆ ಸೈನಿಕನ ಸಂಬಳವನ್ನು ಜಪ್ತಿಯಿಂದ ಉಳಿಸಿತು, ರಜೆಯಲ್ಲಿ ಬಂದವನ ಮೊಕದ್ದಮೆಗೆ ಆದ್ಯತೆ ಕೊಡಿಸಿತು. ಆದರೆ ಇವೆಲ್ಲ ಸಮವಸ್ತ್ರದಲ್ಲಿರುವಷ್ಟು ದಿನ. ಜಗಳ ಶುರುವಾಗುವುದೇ ಊರಿಗೆ ಬಂದ ಮೇಲೆ.

ಅಮೆರಿಕದ ಮಾಜಿ ಸೈನಿಕ ಬಾಡಿಗೆ ಬಾಕಿಯಿಂದ ಬೀದಿಗೆ ಬೀಳುವುದುಂಟು. ನಮ್ಮ ಹಳ್ಳಿಗಳಲ್ಲಿ ನೆಲೆ ತಪ್ಪುವುದು ಪಹಣಿಯಲ್ಲಿ. ತಂದೆ ತೀರಿಕೊಂಡಾಗ ಮಗ ಗಡಿಯಲ್ಲಿರುತ್ತಾನೆ. ಪೌತಿ ಖಾತೆ ಊರಲ್ಲಿದ್ದವರ ಹೆಸರಿಗೆ ಆಗಿಬಿಡುತ್ತದೆ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರಿರುತ್ತದೆ, 12ನೆಯದರಲ್ಲಿ ಉಳುಮೆ ಮಾಡುವವರದು. ಎರಡರಲ್ಲೂ ಇಲ್ಲದವನು ತನ್ನ ಪಾಲನ್ನು ದಾವೆ ಹೂಡಿಯೇ ಪಡೆಯಬೇಕು. ಸ್ವಾಧೀನದ ದಾವೆಗೆ ಕಾಲಮಿತಿ 12 ವರ್ಷ. ಸಿಪಾಯಿಯ ಸೇವೆ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದು. ಅಣ್ಣತಮ್ಮಂದಿರ ನಡುವೆ ಈ ಲೆಕ್ಕ ಅಷ್ಟು ನೇರವಲ್ಲ, ಆದರೂ ಎದುರು ಪಕ್ಷ ಎತ್ತಬಹುದಾದ ವಾದ ಅದು. ಮನೆಯದು ಇನ್ನೊಂದು ತೊಡಕು. ಸಂಬಳ ಸೈನಿಕನ ಸ್ವಯಾರ್ಜಿತ, ಜಾಗ ಪಿತ್ರಾರ್ಜಿತ. ಕಳಿಸಿದ ಹಣದಲ್ಲಿ ಕಟ್ಟಿದ ಮನೆ ಯಾರದು ಎಂಬುದಕ್ಕೆ ಹಳೆಯ ಮನಿಯಾರ್ಡರ್ ರಸೀದಿಯೇ ಸಾಕ್ಷಿಯಾಗಬೇಕಾಗುತ್ತದೆ. ಚನ್ನಗಿರಿಯ ಅಡಿಕೆ ತೋಟದಲ್ಲಿ ಒಂದು ಎಕರೆಯ ಬೆಲೆಯೇ ವ್ಯಾಜ್ಯ ಎಳೆದಾಡಲು ಸಾಕು. ಬರದ ಸೀಮೆ ಜಗಳೂರಿನಲ್ಲಿ ನೆಲದ ಬೆಲೆ ಕಡಿಮೆ, ವಕೀಲರ ಫೀಜು ಕಡಿಮೆಯಲ್ಲ.

1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳು ಹಂಚುವ ಸರ್ಕಾರಿ ಜಮೀನಿನಲ್ಲಿ ಮಾಜಿ ಸೈನಿಕರಿಗೂ ಸೈನಿಕರಿಗೂ ಶೇ 10ರಷ್ಟು ಮೀಸಲಿಟ್ಟವು. ಮಂಜೂರಾತಿ ಪತ್ರ ಕೈಗೆ ಬಂದರೂ ಹದ್ದುಬಸ್ತು (ಗಡಿ ಗುರುತು), ಪೋಡಿ (ಸರ್ವೆ ನಂಬರಿನ ವಿಭಜನೆ) ಆಗದೆ ನೆಲ ದಕ್ಕುವುದಿಲ್ಲ.

ಆರೋಗ್ಯದ ದಾರಿ ಬೇರೆಯೇ ಸಾಗಿತು. 2003ರ ಏಪ್ರಿಲ್‌ನಲ್ಲಿ ಮಾಜಿ ಸೈನಿಕರ ಅಂಶದಾಯಿ ಆರೋಗ್ಯ ಯೋಜನೆ (ಇಸಿಎಚ್ಎಸ್) ಆರಂಭವಾಯಿತು; ಅದು ಔಷಧ, ಚಿಕಿತ್ಸೆ ಕೊಡುತ್ತದೆ, ಖಾತೆಯ ತಕರಾರು ಕೇಳುವುದಿಲ್ಲ. ಕಾಯಿಲೆ ಮತ್ತು ಕಾನೂನು ಮುಖಾಮುಖಿಯಾಗುವುದು ಅಂಗವೈಕಲ್ಯ ಪಿಂಚಣಿಯಲ್ಲಿ. ಅಪಸ್ಮಾರದ ಕಾರಣಕ್ಕೆ ಸೇನೆ ಹೊರಗೆ ಕಳಿಸಿದ ಸಿಪಾಯಿ ಧರಂವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ, ಸೇರುವಾಗ ದಾಖಲಾಗದ ಕಾಯಿಲೆ ಸೇವೆಯಿಂದಲೇ ಬಂತೆಂದು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು ಎಂದಿತು. ಇಂಥ ವ್ಯಾಜ್ಯಗಳಿಗೆ 2009ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಬಂದಿದ್ದರೂ ಅದರ ಸ್ಥಾಯಿ ಪೀಠ ಕರ್ನಾಟಕದಲ್ಲಿಲ್ಲ.

ವೈದ್ಯರನ್ನೂ ವಕೀಲರನ್ನೂ ಒಂದೇ ಸೂರಿನಡಿ ಕೂರಿಸಿದ್ದು ಬಾಸ್ಟನ್‌ನ ಮಕ್ಕಳ ವೈದ್ಯ ಬ್ಯಾರಿ ಝುಕರ್‌ಮನ್, 1993ರಲ್ಲಿ. ತೇವ ಹಿಡಿದ ಮನೆಯಲ್ಲಿರುವ ಮಗುವಿನ ಉಬ್ಬಸಕ್ಕೆ ಔಷಧದಷ್ಟೇ ಮನೆಮಾಲೀಕನಿಗೆ ಕೊಡುವ ನೋಟಿಸೂ ಮುಖ್ಯ ಎಂಬುದು ಆ ವಿಚಾರ. 2009ರಲ್ಲಿ ಕನೆಕ್ಟಿಕಟ್‌ನ ಮಾಜಿ ಸೈನಿಕರ ಕಾನೂನು ಕೇಂದ್ರ ಅದನ್ನು ಮಾಜಿ ಸೈನಿಕರ ಆರೋಗ್ಯ ಕೇಂದ್ರದೊಳಕ್ಕೆ ಒಯ್ದಿತು. ಕನೆಕ್ಟಿಕಟ್ ಮತ್ತು ನ್ಯೂಯಾರ್ಕ್‌ನ ನಾಲ್ಕು ಕೇಂದ್ರಗಳನ್ನು ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನ, ನೆರವು ಪಡೆದವರ ವಸತಿಯೂ ಮನಸ್ಸಿನ ಆರೋಗ್ಯವೂ ಸುಧಾರಿಸಿದ್ದನ್ನು ಕಂಡಿತು.

ಭಾರತದಲ್ಲಿ ಇದಕ್ಕೆ ತೀರ ಹತ್ತಿರ ಬರುವುದು ಸೈನಿಕರಿಗೆಂದು ಮಾಡದ ಒಂದು ಕಾಯಿದೆ. 2018ರ ಮೇ 29ರಂದು ಜಾರಿಗೆ ಬಂದ, 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ 27ನೇ ಕಲಂ, ಉಚಿತ ಕಾನೂನು ಸೇವೆಯ ಹಕ್ಕಿದೆ ಎಂದು ರೋಗಿಗೆ ತಿಳಿಸುವ ಕರ್ತವ್ಯವನ್ನು ಮಾನಸಿಕ ಆರೋಗ್ಯ ಸಂಸ್ಥೆಯ ವೈದ್ಯಾಧಿಕಾರಿಯ ಮೇಲೆ ಹೊರಿಸುತ್ತದೆ. 19ನೇ ಕಲಂ ಇನ್ನೂ ಮುಂದೆ ಹೋಗಿ, ಮನೆಯವರು ಕೈಬಿಟ್ಟವರಿಗೆ ಕುಟುಂಬದ ಮನೆಯಲ್ಲಿ ವಾಸಿಸುವ ಹಕ್ಕು ದೊರಕಿಸಲು ಸರ್ಕಾರ ಕಾನೂನು ನೆರವು ಕೊಡಬೇಕು ಎನ್ನುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕಾನೂನು ನೆರವು ಕೇಂದ್ರವಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮ ಚಿಕಿತ್ಸೆಗೆಂದು ರೂಪಿಸಿದ್ದು. ನಿದ್ದೆ ಬಾರದೆಂದೋ ಕುಡಿತ ಬಿಡಿಸಿ ಎಂದೋ ಬರುವ ಮಾಜಿ ಸೈನಿಕನ ಮನೆಯ ತಕರಾರು ಮೊದಲು ಬೀಳುವುದು ಆ ವೈದ್ಯರ ಕಿವಿಗೆ. ವಕೀಲರು ಇರಬೇಕಾದದ್ದೂ ಅಲ್ಲಿಯೇ.

1995ರ ನವೆಂಬರ್ 9ರಂದು ಜಾರಿಗೆ ಬಂದ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಕಲಂ ಮಹಿಳೆಯರಿಗೆ ಆದಾಯ ನೋಡದೆ ನೆರವು ಕೊಡುತ್ತದೆ. ಸೈನಿಕನ ವಿಧವೆಗೆ ಅದು ಸಾಕು. ಆದರೆ ಮಾಜಿ ಸೈನಿಕರ ಹೆಸರು ಆ ಕಲಂನ ಪಟ್ಟಿಯಲ್ಲಿಲ್ಲ. ಆ ಕೊರತೆಯನ್ನು ಮುಟ್ಟಿದ್ದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2025ರ ಜುಲೈ 26ರಂದು ಶ್ರೀನಗರದಲ್ಲಿ ಆರಂಭಿಸಿದ ‘ವೀರ ಪರಿವಾರ ಸಹಾಯತಾ ಯೋಜನೆ’. ಸೈನಿಕರು, ಮಾಜಿ ಸೈನಿಕರು ಮತ್ತು ಅವರ ಕುಟುಂಬಗಳಿಗಾಗಿ ಸೈನಿಕ ಮಂಡಳಿಗಳಲ್ಲಿ ಕಾನೂನು ನೆರವು ಕೇಂದ್ರ ತೆರೆಯುವುದು ಅದರ ತಿರುಳು. ಆದರೆ ಆ ಕೇಂದ್ರ ಇರುವುದು ಸೈನಿಕ ಮಂಡಳಿಯ ಕಚೇರಿಯಲ್ಲಿ, ಆಸ್ಪತ್ರೆಯಲ್ಲಲ್ಲ. ಪ್ರಾಧಿಕಾರದ ಉಚಿತ ಸಹಾಯವಾಣಿ 15100.