ಕಸದಿಂದ ರಸ: ಲ್ಯೂಕ್ ಸ್ಕೈವಾಕರ್ ಕತ್ತಿಯ ಹಿಂದಿನ ಜನ್ಮ

ಇವತ್ತು ಒಂದು ಕತ್ತಿಯ ಇತಿಹಾಸ ಹೇಳ್ತೀನಿ. ಇದನ್ನ ಯಾವ ಕಮ್ಮಾರನೂ ಬಡಿದು ಮಾಡಿದ್ದಲ್ಲ, ಯಾವ ರಾಜನೂ ಹಿಡಿದಿದ್ದಲ್ಲ. 1977ರಲ್ಲಿ ಬಂದ ಮೊದಲ ‘ಸ್ಟಾರ್ ವಾರ್ಸ್’ ಸಿನಿಮಾದಲ್ಲಿ ಲ್ಯೂಕ್ ಸ್ಕೈವಾಕರ್ ಹಿಡಿಯೋ ಲೈಟ್‌ಸೇಬರ್ ಇದು. ಸಿನಿಮಾ ನೋಡದವರಿಗೆ ಹೇಳೋದಾದ್ರೆ, ಟಾರ್ಚ್ ಥರದ ಒಂದು ಹಿಡಿ, ಅದರಿಂದ ಬೆಳಕಿನ ಅಲಗು ಹೊರಗೆ ಬರುತ್ತೆ. ಅಷ್ಟು ಗೊತ್ತಿದ್ರೆ ಸಾಕು.

ಅದರ ರೆಪ್ಲಿಕಾ ಕಿಟ್ ಒಂದನ್ನ ತರಿಸಿಕೊಂಡು ಕಳೆದ ತಿಂಗಳು ಜೋಡಿಸಿದೆ. ಡಬ್ಬದಲ್ಲಿ ಇದ್ದದ್ದು ಇಷ್ಟು: ಎರಡು ಭಾಗದ ಲೋಹದ ಕೊಳವೆ, ಎರಡನ್ನೂ ಬಿಗಿಯಾಗಿ ಹಿಡಿಯೋ ಕ್ಲ್ಯಾಂಪ್, ಕಪ್ಪು ಪಟ್ಟಿಗಳು, ಬುಡಕ್ಕೆ ಹಾಕೋ ಒಂದು ರಿಂಗ್, ಮತ್ತೆ ಗುಳ್ಳೆ ಗುಳ್ಳೆ ಇರೋ ಒಂದು ಪುಟ್ಟ ಪ್ಲಾಸ್ಟಿಕ್ ಪಟ್ಟಿ. ಜೋಡಿಸೋಕೆ ಒಂದು ಸಂಜೆ ಸಾಕು. ಆದ್ರೆ ಒಂದೊಂದು ಭಾಗ ಕೈಗೆ ತಗೊಂಡಾಗಲೂ ‘ಇದು ಇಲ್ಲಿ ಯಾಕಿದೆ?’ ಅನ್ನಿಸ್ತಿತ್ತು. ಉತ್ತರ ಹುಡುಕ್ತಾ ಹೋದ್ರೆ ಸಿನಿಮಾದಿಂದ ಹೊರಗೇ ಬಂದುಬಿಡ್ತೀವಿ.

1976. ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೋ. ಸೆಟ್ ಅಲಂಕಾರದ ಹೊಣೆ ರೋಜರ್ ಕ್ರಿಶ್ಚಿಯನ್ ಅನ್ನೋರದ್ದು. ಕೈಯಲ್ಲಿ ದುಡ್ಡು ಕಡಿಮೆ. ನಿರ್ದೇಶಕ ಜಾರ್ಜ್ ಲೂಕಸ್‌ಗೆ ಬೇಕಿದ್ದದ್ದು ಫಳಫಳ ಹೊಳೆಯೋ ಭವಿಷ್ಯ ಅಲ್ಲ, ಬಳಸಿ ಸವೆದುಹೋದ ಲೋಕ. ಹಾಗಾಗಿ ಕ್ರಿಶ್ಚಿಯನ್ ವಿಮಾನದ ಗುಜರಿ ಕೊಂಡು ಸೆಟ್ ಕಟ್ಟಿದ್ರು. ಹಳೇ ಜರ್ಮನ್ ಮೌಸರ್ ಪಿಸ್ತೂಲಿಗೆ ಅದೂ ಇದೂ ಸಿಕ್ಕಿಸಿ ಹಾನ್ ಸೋಲೋನ ಬ್ಲಾಸ್ಟರ್ ಆಯ್ತು. ಲೈಟ್‌ಸೇಬರ್‌ಗೆ ಮಾತ್ರ ಏನೂ ಹೊಂದಿಕೆ ಆಗ್ತಿರಲಿಲ್ಲ. ಕೊನೆಗೆ ಲಂಡನ್ನಿನ ಒಂದು ಕ್ಯಾಮೆರಾ ಅಂಗಡಿಯಲ್ಲಿ, ವರ್ಷಗಳಿಂದ ಯಾರೂ ಮುಟ್ಟದ ಡಬ್ಬಗಳಲ್ಲಿ ಅದು ಸಿಕ್ತು ಅಂತ ಅವರೇ ಹೇಳಿಕೊಂಡಿದ್ದಾರೆ. ಸಿಕ್ಕಿದ್ದು ಗ್ರಾಫ್ಲೆಕ್ಸ್ ಕಂಪನಿಯ ಫ್ಲ್ಯಾಶ್ ಹಿಡಿ.

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದ್ರೆ ನನಗೆ ಕತ್ತಿಗಿಂತ ಈ ಹಿಡಿಯ ಕಥೆನೇ ಇಷ್ಟ. ಗ್ರಾಫ್ಲೆಕ್ಸ್ ಅಮೆರಿಕದ ರಾಚೆಸ್ಟರ್ ಊರಿನ ಕಂಪನಿ. ಅವರ ಸ್ಪೀಡ್ ಗ್ರಾಫಿಕ್ ಕ್ಯಾಮೆರಾ 1912ರಿಂದ 1973ರವರೆಗೆ ತಯಾರಾಯ್ತು. ಹಳೇ ಹಾಲಿವುಡ್ ಸಿನಿಮಾಗಳಲ್ಲಿ ಟೋಪಿ ಹಾಕಿದ ಪತ್ರಿಕಾ ಫೋಟೋಗ್ರಾಫರ್ ಒಬ್ಬ ದೊಡ್ಡ ಪೆಟ್ಟಿಗೆಯಂಥ ಕ್ಯಾಮೆರಾ ಹಿಡಿದು ನಿಂತಿರ್ತಾನಲ್ಲ, ಅದೇ ಇದು. ಅದರ ಪಕ್ಕದಲ್ಲಿ ಒಂದು ಕೊಳವೆ, ಕೊಳವೆ ಮೇಲೆ ತಟ್ಟೆ ಥರದ ರಿಫ್ಲೆಕ್ಟರ್. ಆ ಕೊಳವೆನೇ ನಮ್ಮ ಲೈಟ್‌ಸೇಬರ್. ಒಳಗೆ ಮೂರು ದಪ್ಪ ಟಾರ್ಚ್ ಸೆಲ್. ಕೆಂಪು ಬಟನ್ ಒತ್ತಿದ್ರೆ ಬಲ್ಬ್ ಭಗ್ ಅಂತ ಉರಿಯೋದು, ಅದೇ ಕರೆಂಟಿಗೆ ಕ್ಯಾಮೆರಾದ ಶಟರೂ ತೆರೆಯೋದು. ಒಂದು ಬಲ್ಬಿಗೆ ಒಂದೇ ಫೋಟೋ. ಸುಟ್ಟ ಬಲ್ಬ್ ಕಿತ್ತು, ಜೇಬಿಂದ ಹೊಸದು ತೆಗೆದು ಹಾಕಬೇಕು. ಮೊಬೈಲಲ್ಲಿ ಒಂದೇ ಊಟದ ತಟ್ಟೆಗೆ ಹತ್ತು ಫೋಟೋ ಹೊಡೆಯೋ ನಮಗೆ ಇದು ನಂಬೋಕೇ ಕಷ್ಟ! ನ್ಯೂಯಾರ್ಕಿನ ವೀಜೀ ಅನ್ನೋ ಫೋಟೋಗ್ರಾಫರ್ ಇಂಥದ್ದೇ ಕ್ಯಾಮೆರಾ, ಫ್ಲ್ಯಾಶ್ ಹಿಡಿದು ರಾತ್ರಿಯೆಲ್ಲ ಕೊಲೆ, ಬೆಂಕಿ ಅಪಘಾತಗಳ ಹಿಂದೆ ಓಡಾಡಿದ್ರು.

ಕ್ರಿಶ್ಚಿಯನ್ ಈ ಹಿಡಿಗೆ ಕಪ್ಪು ಪಟ್ಟಿಗಳನ್ನ ಸೂಪರ್ ಗ್ಲೂ ಹಾಕಿ ಅಂಟಿಸಿದ್ರು. ಕ್ಲ್ಯಾಂಪಿನ ಸಂದಿಗೆ ಹಾಕಿದ್ದು ಆ ಗುಳ್ಳೆ ಪಟ್ಟಿ. ಅದು ಪಾಕೆಟ್ ಕ್ಯಾಲ್ಕುಲೇಟರಿನದ್ದು. 70ರ ದಶಕದ ಶುರುವಿನಲ್ಲಿ ಕ್ಯಾಲ್ಕುಲೇಟರಿನ ಕೆಂಪು ಅಂಕಿಗಳು ಎಷ್ಟು ಸಣ್ಣ ಇರ್ತಿದ್ವು ಅಂದ್ರೆ, ಓದೋಕೆ ಒಂದೊಂದರ ಮೇಲೂ ಒಂದು ಭೂತಗನ್ನಡಿ ಬೇಕಿತ್ತು. ಆ ಭೂತಗನ್ನಡಿಗಳ ಸಾಲೇ ಈ ಗುಳ್ಳೆಗಳು. ಮುಂದೆ ಆ ಚಿತ್ರದ ಕಲಾ ತಂಡಕ್ಕೆ ಆಸ್ಕರ್ ಬಂತು, ಅದರಲ್ಲಿ ಕ್ರಿಶ್ಚಿಯನ್ನೂ ಒಬ್ಬರು. ಓಬಿ-ವಾನ್ ಕೆನೋಬಿಯ ಕತ್ತಿಯಂತೂ ಇನ್ನೂ ಮಜಾ: ಜೆಟ್ ಎಂಜಿನ್ನಿನ ಒಂದು ಪೈಪು, ಮೊದಲ ಮಹಾಯುದ್ಧದ ಗ್ರೆನೇಡಿನ ಭಾಗ, ಜೊತೆಗೆ ಬಚ್ಚಲುಮನೆ ನಲ್ಲಿಯ ತಿರುಪು. ಹೌದು, ನಲ್ಲಿ! ಯಾವುದು ಯಾವ ವಸ್ತು ಅಂತ ಫೋಟೋ ನೋಡಿ ನೋಡಿ ಪತ್ತೆ ಮಾಡಿದ್ದು ಅಭಿಮಾನಿಗಳು. ಅದಕ್ಕೆ ಹಿಡಿದಿದ್ದು ದಶಕಗಳು.

ಸಮಸ್ಯೆ ಶುರುವಾಗಿದ್ದೂ ಇಲ್ಲೇ. ಕತ್ತಿ ಏನು ಅಂತ ಗೊತ್ತಾದ ಮೇಲೆ ಎಲ್ಲರಿಗೂ ಅಸಲಿ ಗ್ರಾಫ್ಲೆಕ್ಸೇ ಬೇಕು. ಕಂಪನಿ ಮುಚ್ಚಿಹೋಗಿದೆ, ಹೊಸದು ತಯಾರಾಗೋದಿಲ್ಲ. ಹಳೇ ಕ್ಯಾಮೆರಾಗಳಿಂದ ಹಿಡಿ ಬೇರೆ ಮಾಡಿ ಮಾರೋದು ನಡೀತು. ಬುಡಕ್ಕೆ ತೂತು ಕೊರೆದು ರಿಂಗ್ ಹಾಕಿದ್ರು, ಮೈಗೆ ಅಂಟು ಬಳಿದ್ರು. ಅತ್ತ ಸ್ಪೀಡ್ ಗ್ರಾಫಿಕ್ ಸಂಗ್ರಹಿಸೋರ ಹತ್ರ ಕ್ಯಾಮೆರಾ ಇದೆ, ಫ್ಲ್ಯಾಶ್ ಇಲ್ಲ. ಒಂದು ಸುಳ್ಳು ಕತ್ತಿಗೋಸ್ಕರ ನಿಜವಾದ ಪತ್ರಿಕಾ ಇತಿಹಾಸ ತೂತು ಬೀಳ್ತಾ ಇತ್ತು ಅಂದ್ರೆ ತಪ್ಪಾಗಲ್ಲ. ಸಿನಿಮಾ ತಂಡದವರನ್ನ ನಾನು ದೂರಲ್ಲ. ಅವರು ತಗೊಂಡದ್ದು ಧೂಳು ತಿನ್ನುತ್ತಿದ್ದ ಕೆಲವೇ ಹಿಡಿಗಳು. ಆದ್ರೆ ಬೇಡಿಕೆ ನೋಡಿ ಒಂದೊಂದೇ ಕ್ಯಾಮೆರಾ ಬಿಚ್ಚಿದೋರ ಬಗ್ಗೆ ನನಗೆ ಅಷ್ಟು ಕರುಣೆ ಇಲ್ಲ.

ಹಾಗಾಗಿ ‘ನಕಲಿ ಕಿಟ್ ಯಾಕೆ ತಗೊಂಡೆ, ಅಸಲಿ ಸಿಗಲ್ವಾ?’ ಅಂತ ಸ್ನೇಹಿತರು ಕೇಳಿದಾಗ ನನಗೆ ಮುಜುಗರ ಆಗಲಿಲ್ಲ. ಈಗಿನ ಕಿಟ್ ತಯಾರಕರು ಇಡೀ ಹಿಡಿಯನ್ನೇ ಹೊಸದಾಗಿ, ಅಳತೆಗೆ ಸರಿಯಾಗಿ ಮಾಡ್ತಾರೆ. ತೂತು ಕೊರೆಯೋದಾದ್ರೆ ಇದಕ್ಕೇ ಕೊರೆಯಿರಿ. ನನ್ನದು ಈಗ ಪುಸ್ತಕದ ಕಪಾಟಿನಲ್ಲಿದೆ. ಮನೆಗೆ ಬಂದೋರು ಮೊದಲು ಒತ್ತೋದು ಆ ಕೆಂಪು ಬಟನ್ನೇ. ಆಗ ನಾನು ಜೆಡೈ ಕಥೆ ಬಿಟ್ಟು ಸುಟ್ಟ ಬಲ್ಬಿನ ಕಥೆ ಶುರು ಮಾಡ್ತೀನಿ.

ಒಂದು ಕೋರಿಕೆ. ನಿಮ್ಮ ಊರಿನ ಹಳೇ ಫೋಟೋ ಸ್ಟುಡಿಯೋದಲ್ಲೋ, ಅಜ್ಜನ ಬೀರುವಿನಲ್ಲೋ ಬಲ್ಬ್ ಹಾಕೋ ಫ್ಲ್ಯಾಶ್ ಇದ್ರೆ, ಯಾವ ಕಂಪನಿಯದ್ದೇ ಆಗ್ಲಿ, ಗುಜರಿಗೆ ಹಾಕೋ ಮೊದಲು ಒಂದು ಫೋಟೋ ಕಳಿಸಿ. ಅದರಲ್ಲಿ ಯಾರ ಯಾರ ಮದುವೆ ಫೋಟೋ ತೆಗೆದಿದ್ರು ಅಂತಲೂ ಬರೀರಿ. ಮುಂದಿನ ವಾರ ಸಿಗೋಣ.